ಪೆಟ್ಟಿಗೆ ತೆರೆದ ಮೇಲೆ

ತಮ್ಮ: ಅಕ್ಕಾ, ಒಂದು ಮಾತು ನೇರವಾಗಿ ಕೇಳ್ತೀನಿ. ಎರಡು ಫೋನ್‌ಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಮೇಲು ಅಂತ ಬರೆಯೋದು ನನ್ನ ಕೆಲಸ. ನಿನಗೆ ಅದರ ಮೇಲೆ ಅಷ್ಟು ಗೌರವ ಇಲ್ಲ ಅನ್ನಿಸುತ್ತೆ. ಜನ ತಿಂಗಳ ಸಂಬಳವನ್ನೇ ಸುರಿದು ಕೊಳ್ಳೋ ವಸ್ತು ಅದು. ಕೊಳ್ಳೋ ಮೊದಲು ಬಿಡಿಸಿ ಹೇಳೋರು ಬೇಡವಾ?

ಅಕ್ಕ: ಬೇಕು. ಗೌರವ ಇಲ್ಲ ಅಂತ ನಾನು ಯಾವಾಗ ಅಂದೆ? ವಿಮರ್ಶೆ ಶುರುವಾಗೋದೇ ಹೋಲಿಸಿ ನೋಡೋದರಿಂದ. ತರಗತಿಯಲ್ಲಿ ಮಾರ್ಲೋ, ಶೇಕ್ಸ್‌ಪಿಯರ್ ಪಾಠ ಮಾಡುವಾಗ ನಾನೂ ಒಬ್ಬನನ್ನು ಇನ್ನೊಬ್ಬನ ಪಕ್ಕ ಇಟ್ಟೇ ಮಾತಾಡ್ತೀನಿ. ನನ್ನ ತಕರಾರು ಇರೋದು ಅಳತೆಗೋಲಿನ ಬಗ್ಗೆ. ನೀನು ಏನನ್ನು ಅಳೀತೀಯ, ಹೇಳು.

ತಮ್ಮ: ಒಂದು ಜೋಡಿ ತಗೋ. 2023ರ ಸೆಪ್ಟೆಂಬರಿನಲ್ಲಿ ಬಂದ ಐಫೋನ್ 15, 2024ರ ಜನವರಿಯಲ್ಲಿ ಬಂದ ಗ್ಯಾಲಕ್ಸಿ ಎಸ್24. ಒಂದರ ಪರದೆ 6.1 ಇಂಚು, ಇನ್ನೊಂದರದ್ದು 6.2. ಮುಖ್ಯ ಕ್ಯಾಮೆರಾ ಒಂದರಲ್ಲಿ 48 ಮೆಗಾಪಿಕ್ಸೆಲ್, ಇನ್ನೊಂದರಲ್ಲಿ 50. ತೂಕದಲ್ಲಿ ಕೆಲವೇ ಗ್ರಾಂ ವ್ಯತ್ಯಾಸ. ಗ್ಯಾಲಕ್ಸಿಯ ಪರದೆ ಸೆಕೆಂಡಿಗೆ 120 ಸಲದವರೆಗೂ ಹೊಸದಾಗುತ್ತೆ, ಐಫೋನಿನದ್ದು 60 ಸಲ. ಬೆರಳಾಡಿಸಿದಾಗ ಆ ನುಣುಪು ಕಣ್ಣಿಗೆ ಗೊತ್ತಾಗುತ್ತೆ. ದೂರದ್ದನ್ನು ಮೂರು ಪಟ್ಟು ಹತ್ತಿರ ತರೋ ಜೂಮ್ ಲೆನ್ಸ್ ಗ್ಯಾಲಕ್ಸಿಯಲ್ಲಿ ಪ್ರತ್ಯೇಕವಾಗಿ ಇದೆ, ಐಫೋನ್ 15ರಲ್ಲಿ ಇಲ್ಲ.

ಅಕ್ಕ: ಉಳಿದದ್ದೆಲ್ಲ ಇಷ್ಟು ಹತ್ತಿರ ಹತ್ತಿರ ಇದ್ದರೆ ಪೈಪೋಟಿ ಎಲ್ಲಿ ಬಂತು?

ತಮ್ಮ: ಪೈಪೋಟಿಯಿಂದಲೇ ಅವು ಹತ್ತಿರ ಬಂದದ್ದು. ಒಬ್ಬರಲ್ಲಿ ಇರೋ ಸೌಕರ್ಯ ಇನ್ನೊಬ್ಬರಲ್ಲಿ ಇಲ್ಲದಿದ್ದರೆ ಗಿರಾಕಿ ಆ ಕಡೆ ಹೋಗ್ತಾನೆ. 2011ರ ಏಪ್ರಿಲಿನಲ್ಲಿ ಆಪಲ್ ಕಂಪನಿ ಸ್ಯಾಮ್ಸಂಗ್ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿತು. ದುಂಡು ಮೂಲೆಯ ಆಕಾರ, ಪರದೆ ಮೇಲೆ ಐಕಾನ್‌ಗಳನ್ನು ಜೋಡಿಸೋ ರೀತಿ, ಎಲ್ಲ ನಮ್ಮದರ ನಕಲು ಅಂತ. 2012ರ ಆಗಸ್ಟಿನಲ್ಲಿ ಜ್ಯೂರಿ 105 ಕೋಟಿ ಡಾಲರ್ ಪರಿಹಾರ ಕೊಡಿ ಅಂದಿತು. ಆ ಮೊತ್ತ ಮತ್ತೆ ಮತ್ತೆ ಬದಲಾಗಿ, ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟನ್ನೂ ಕಂಡು, 2018ರಲ್ಲಿ ರಾಜಿಯಾಯಿತು. ಸ್ವಾರಸ್ಯ ಏನಂದರೆ, ಜಗಳ ನಡೀತಿರುವಾಗಲೂ ಐಫೋನಿಗೆ ಚಿಪ್ ಮಾಡಿಕೊಡ್ತಿದ್ದದ್ದು ಸ್ಯಾಮ್ಸಂಗ್. 2017ರ ಐಫೋನ್ ಎಕ್ಸ್‌ನ ಪರದೆಯೂ ಅದೇ ಗುಂಪಿನ ಕಾರ್ಖಾನೆಯಿಂದಲೇ ಬಂತು.

ಅಕ್ಕ: ಹಾಗಾದರೆ ಪೀಟರ್ ಸ್ಟ್ರೀಟ್ ಕಥೆ ನಿನಗೆ ಹೇಳಲೇಬೇಕು. 16ನೇ ಶತಮಾನದ ಕೊನೆಯ ಲಂಡನ್. ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ಫಿಲಿಪ್ ಹೆನ್ಸ್ಲೋ 1587ರಲ್ಲಿ ರೋಸ್ ಅನ್ನೋ ರಂಗಮಂದಿರ ಕಟ್ಟಿಸಿದ್ದ. ಅಲ್ಲಿ ಅಡ್ಮಿರಲ್ಸ್ ಮೆನ್ ತಂಡ, ಅದರ ದೊಡ್ಡ ನಟ ಎಡ್ವರ್ಡ್ ಅಲೀನ್. ಎದುರಾಳಿ ತಂಡ ಚೇಂಬರ್ಲಿನ್ಸ್ ಮೆನ್. ರಿಚರ್ಡ್ ಬರ್ಬೇಜ್ ಅದರ ನಟ, ಶೇಕ್ಸ್‌ಪಿಯರ್ ಅದರ ನಾಟಕಕಾರ. ಬರ್ಬೇಜ್ ಮನೆತನದ ಹಳೆಯ ರಂಗಮಂದಿರ ನಗರದ ಹೊರಗೆ ಶೋರ್‌ಡಿಚ್‌ನಲ್ಲಿತ್ತು. ನೆಲದ ಗುತ್ತಿಗೆ ಮುಗಿದು, ಜಾಗದ ಯಜಮಾನನ ಜತೆ ವ್ಯಾಜ್ಯ ಹತ್ತಿತು. 1598ರ ಡಿಸೆಂಬರ್ ಕೊನೆಯಲ್ಲಿ ತಂಡದವರು ಪೀಟರ್ ಸ್ಟ್ರೀಟ್ ಅನ್ನೋ ಬಡಗಿ ಮೇಸ್ತ್ರಿಯನ್ನು ಕರಕೊಂಡು ಹೋಗಿ ಆ ಕಟ್ಟಡದ ಮರಮುಟ್ಟನ್ನೆಲ್ಲ ಬಿಚ್ಚಿ ತಂದರು. ಯಜಮಾನ ಕೋರ್ಟಿಗೆ ಹೋದ. ಅದೇ ಮರದಿಂದ 1599ರಲ್ಲಿ ರೋಸ್‌ನ ಕೂಗಳತೆಯಲ್ಲೇ ಗ್ಲೋಬ್ ಎದ್ದು ನಿಂತಿತು.

ತಮ್ಮ: ಹೆನ್ಸ್ಲೋ ಸುಮ್ಮನೆ ಕೂತನಾ?

ಅಕ್ಕ: ಕೂರೋದುಂಟಾ! ಮರುವರ್ಷವೇ ನಗರದ ಉತ್ತರಕ್ಕೆ ಫಾರ್ಚೂನ್ ಅನ್ನೋ ಹೊಸ ರಂಗಮಂದಿರ ಕಟ್ಟಿಸಿದ. 1600ರ ಜನವರಿಯ ಆ ಕರಾರುಪತ್ರ ಡಲ್ವಿಚ್ ಕಾಲೇಜಿನಲ್ಲಿ ಇವತ್ತಿಗೂ ಇದೆ. ಒಪ್ಪಂದದ ಮೊತ್ತ 440 ಪೌಂಡು. ಮೇಸ್ತ್ರಿ ಯಾರು ಅಂದುಕೊಂಡೆ? ಅದೇ ಪೀಟರ್ ಸ್ಟ್ರೀಟ್. ಕಟ್ಟಡ ಚೌಕವಾಗಿರಲಿ, ಆದರೆ ಇಂಥಿಂಥದ್ದೆಲ್ಲ ಗ್ಲೋಬ್‌ನಲ್ಲಿ ಇರೋ ಹಾಗೇ ಇರಲಿ ಅಂತ ಕರಾರಿನಲ್ಲೇ ಬರೆಸಿದ್ದಾರೆ. ಒಂದೇ ಕೈ ಎರಡೂ ಮನೆಗೆ ಕೆಲಸ ಮಾಡಿತು.

ತಮ್ಮ: ಅಂದಮೇಲೆ ನಿನ್ನ ನಾಟಕಗಳೂ ಮಾರುಕಟ್ಟೆಯ ಮಕ್ಕಳೇ. ನಕಲು, ದಾವೆ, ಗಿರಾಕಿಯನ್ನು ಸೆಳೆಯೋದು, ಎಲ್ಲ ಅಲ್ಲೂ ಇದೆ.

ಅಕ್ಕ: ಖಂಡಿತ ಇದೆ. ಒಂದು ಪೆನ್ನಿ ಕೊಟ್ಟು ನಿಂತು ನೋಡೋ ಜನರಿಂದಲೇ ಆ ರಂಗಭೂಮಿ ಬದುಕಿದ್ದು. ಆದರೆ ಪೈಪೋಟಿ ಅಲ್ಲಿ ಏನು ಮಾಡಿತು ನೋಡು. ಮಾರ್ಲೋನ 'ದಿ ಜ್ಯೂ ಆಫ್ ಮಾಲ್ಟಾ' ರೋಸ್‌ನಲ್ಲಿ ಜನ ಮೆಚ್ಚಿದ ನಾಟಕ. ಅದರ ಬರಾಬಸ್ ಹೊನ್ನು ಎಣಿಸ್ತಾ ರಂಗಕ್ಕೆ ಬರ್ತಾನೆ, ಒಬ್ಬೊಬ್ಬರನ್ನೇ ಕೊಲ್ಲಿಸ್ತಾನೆ, ಕೊನೆಗೆ ತಾನೇ ಹೂಡಿದ ಬಲೆಗೆ ಬಿದ್ದು ಕುದಿಯೋ ಕೊಪ್ಪರಿಗೆಯಲ್ಲಿ ಸಾಯ್ತಾನೆ. ಕೆಲವು ವರ್ಷಗಳ ಮೇಲೆ ಎದುರಾಳಿ ತಂಡಕ್ಕೆ ಶೇಕ್ಸ್‌ಪಿಯರ್ 'ದಿ ಮರ್ಚೆಂಟ್ ಆಫ್ ವೆನಿಸ್' ಬರೆದ. ಅದರಲ್ಲಿನ ಯಹೂದಿ ಶೈಲಾಕನಿಗೂ ಹಣ ಇದೆ, ಮಗಳಿದ್ದಾಳೆ, ಹಗೆ ಇದೆ. ಆದರೆ ಅವನಿಗೆ ಉಗುಳಿಸಿಕೊಂಡ ನೆನಪೂ ಇದೆ, ನನ್ನನ್ನು ಚುಚ್ಚಿದರೆ ನನಗೂ ರಕ್ತ ಬರೋದಿಲ್ಲವಾ ಅಂತ ಕೇಳೋ ಬಾಯೂ ಇದೆ. ಎರಡನೆಯದು ಬಂತು ಅಂತ ಮೊದಲನೆಯದು ಬೇಡವಾಗಲಿಲ್ಲ. ಎರಡೂ ಇವತ್ತು ರಂಗದ ಮೇಲೆ ಬರ್ತವೆ, ಒಂದನ್ನು ನೋಡಿದವರು ಇನ್ನೊಂದನ್ನು ಹೆಚ್ಚು ಚೆನ್ನಾಗಿ ನೋಡ್ತಾರೆ. ನಿನ್ನ ಫೋನ್‌ಗಳು ಪೈಪೋಟಿಯಿಂದ ಒಂದೇ ಥರ ಆಗ್ತಾ ಬಂದವು. ಇವು ಬೇರೆ ಬೇರೆಯಾದವು.

ತಮ್ಮ: ಇಲ್ಲಿ ನನ್ನದೊಂದು ಆಕ್ಷೇಪ ಇದೆ. ಈ ವರ್ಷ ಅಂಗಡಿಗೆ ಬಂದ ಎಲ್ಲ ಫೋನ್‌ಗಳ ಎದುರು ನೀನು 400 ವರ್ಷದ ಜರಡಿಯಲ್ಲಿ ಉಳಿದ ನಾಟಕಗಳನ್ನು ಮಾತ್ರ ನಿಲ್ಲಿಸ್ತಿದ್ದೀಯ. ಜರಡಿಯಿಂದ ಬಿದ್ದು ಹೋದವು ಎಷ್ಟು?

ಅಕ್ಕ: ನ್ಯಾಯವಾದ ಪ್ರಶ್ನೆ. ಬಹುಪಾಲು ಬಿದ್ದೇ ಹೋದವು. ಹೆನ್ಸ್ಲೋ ಬಿಟ್ಟುಹೋದ ಲೆಕ್ಕದ ಪುಸ್ತಕ ಉಳಿದಿದೆ. ಅದರ ತುಂಬ ನಾಟಕಗಳ ಹೆಸರು, ಆವತ್ತಿನ ವಸೂಲಿ, ನಾಟಕಕಾರರಿಗೆ ಕೊಟ್ಟ ಹಣ. ಒಂದು ನಾಟಕಕ್ಕೆ ಆರು ಪೌಂಡಿನ ಆಸುಪಾಸು. ಆ ಹೆಸರುಗಳಲ್ಲಿ ಹೆಚ್ಚಿನವಕ್ಕೆ ಇವತ್ತು ಹೆಸರು ಮಾತ್ರ ಇದೆ, ನಾಟಕ ಇಲ್ಲ. ಇನ್ನೊಂದನ್ನೂ ಒಪ್ತೀನಿ. 1594ರಲ್ಲಿ ರೋಸ್‌ನಲ್ಲಿ 'ಕಿಂಗ್ ಲೀರ್' ಅನ್ನೋ ಹಳೆಯ ನಾಟಕ ಆಡಿದ್ದರು, ಶೇಕ್ಸ್‌ಪಿಯರನದ್ದಲ್ಲ. ಅದರಲ್ಲಿ ರಾಜ ಗೆಲ್ತಾನೆ, ಕಿರಿಮಗಳು ಬದುಕ್ತಾಳೆ. ಶೇಕ್ಸ್‌ಪಿಯರ್ ಅದೇ ಕಥೆ ತಗೊಂಡು 'ಕಿಂಗ್ ಲಿಯರ್' ಬರೆದು, ಮಗಳ ಹೆಣವನ್ನು ಮುದುಕನ ತೋಳಿಗೆ ಕೊಟ್ಟ. ಹಳೆಯದನ್ನು ಈಗ ವಿದ್ವಾಂಸರು ಬಿಟ್ಟರೆ ಯಾರೂ ಓದೋದಿಲ್ಲ. ಹೊಸತು ಹಳತನ್ನು ಮೂಲೆಗೆ ತಳ್ಳಿದ್ದಕ್ಕೆ ಅದೊಂದು ಸಾಕ್ಷಿ.

ತಮ್ಮ: ಹಾಗಾದರೆ ಒಳ್ಳೆಯದು ತಾನಾಗಿ ಉಳಿಯುತ್ತೆ ಅನ್ನೋ ಮಾತು?

ಅಕ್ಕ: ಅದು ಸುಳ್ಳು, ನಾನು ಅದನ್ನು ಮಕ್ಕಳಿಗೆ ಹೇಳೋದಿಲ್ಲ. ಶೇಕ್ಸ್‌ಪಿಯರ್ 1616ರಲ್ಲಿ ತೀರಿಕೊಂಡ. ಅವನ ನಾಟಕಗಳಲ್ಲಿ ಅರ್ಧದಷ್ಟು ಆಗಿನ್ನೂ ಅಚ್ಚಾಗಿರಲಿಲ್ಲ. ಅವನ ಜತೆ ನಟಿಸ್ತಿದ್ದ ಜಾನ್ ಹೆಮಿಂಗ್ಸ್, ಹೆನ್ರಿ ಕಾಂಡೆಲ್ ಇಬ್ಬರೂ ಹಸ್ತಪ್ರತಿಗಳನ್ನು ಕೂಡಿಸಿ, 1623ರಲ್ಲಿ 36 ನಾಟಕಗಳ ದೊಡ್ಡ ಸಂಪುಟ ಹೊರತಂದರು. ಅದರಲ್ಲಿ 18 ಮೊದಲ ಸಲ ಅಚ್ಚಾದವು. ಮ್ಯಾಕ್‌ಬೆತ್, ಟೆಂಪೆಸ್ಟ್, ಜೂಲಿಯಸ್ ಸೀಸರ್, ಟ್ವೆಲ್ಫ್ತ್ ನೈಟ್, ಎಲ್ಲ ಆ ಹದಿನೆಂಟರಲ್ಲಿ ಸೇರಿವೆ. ಗೆಳೆಯರು ಆ ಶ್ರಮ ಪಡದೆ ಇದ್ದಿದ್ದರೆ ಮ್ಯಾಕ್‌ಬೆತ್ ನಮಗೆ ಸಿಕ್ತಾನೇ ಇರಲಿಲ್ಲವೇನೋ.

ತಮ್ಮ: ಸರಿ, ಈಗ ನನ್ನ ಅಳತೆಗೋಲಿಗೆ ಬಾ. ಅದರಲ್ಲಿ ಏನು ತಪ್ಪು?

ಅಕ್ಕ: ಎಣಿಸೋಕೆ ಆಗೋದನ್ನು ಮಾತ್ರ ಎಣಿಸುತ್ತೆ. ಲಿಯರ್ ನಾಟಕ ಶುರುವಾಗೋದೇ ಅಂಥ ಒಂದು ಹೋಲಿಕೆಯಿಂದ. ಮುದಿ ರಾಜ ಮೂವರು ಹೆಣ್ಣುಮಕ್ಕಳನ್ನು ಸಭೆಯಲ್ಲಿ ನಿಲ್ಲಿಸಿ, ನಿಮ್ಮಲ್ಲಿ ಯಾರ ಪ್ರೀತಿ ಹೆಚ್ಚು ಹೇಳಿ, ಅದಕ್ಕೆ ತಕ್ಕ ಹಾಗೆ ರಾಜ್ಯ ಹಂಚ್ತೀನಿ ಅಂತಾನೆ. ದೊಡ್ಡವಳು ಹೇಳಿದ್ದನ್ನು ಎರಡನೆಯವಳು ಮೀರಿಸಿ ಹೇಳ್ತಾಳೆ. ಕಿರಿಯವಳಿಗೆ ಹೇಳೋಕೆ ಏನೂ ಇಲ್ಲ, ಅವಳಿಗೆ ಪಾಲೂ ಇಲ್ಲ. ಮಾತಿನಲ್ಲಿ ಅಳೆದ ಪ್ರೀತಿಗೆ ಅವನು ರಾಜ್ಯವನ್ನೇ ಕೊಟ್ಟ. ಮಳೆಗಾಳಿಯಲ್ಲಿ ಬಯಲಿಗೆ ಬಿದ್ದ ಮೇಲೆ ಅಳತೆ ತಪ್ಪಿತ್ತು ಅಂತ ಗೊತ್ತಾಯಿತು. ವೆನಿಸ್ಸಿನ ನಾಟಕದಲ್ಲೂ ನಾಯಕಿಯನ್ನು ಮದುವೆಯಾಗೋಕೆ ಬಂದವರು ಚಿನ್ನ, ಬೆಳ್ಳಿ, ಸೀಸದ ಮೂರು ಪೆಟ್ಟಿಗೆಗಳಲ್ಲಿ ಒಂದನ್ನು ಆರಿಸಬೇಕು. ಹೊರಗಿನ ಹೊಳಪು ನೋಡಿ ಆರಿಸಿದವರು ಬರಿಗೈಯಲ್ಲಿ ಹೋಗ್ತಾರೆ.

ತಮ್ಮ: ಈ ತಪ್ಪು ನಮ್ಮಲ್ಲೂ ಆಗಿದೆ. 2007ರಲ್ಲಿ ನೋಕಿಯಾ ಎನ್95 ಮತ್ತು ಮೊದಲನೇ ಐಫೋನ್ ಎರಡೂ ಮಾರುಕಟ್ಟೆಗೆ ಬಂದವು. ನೋಕಿಯಾದಲ್ಲಿ 5 ಮೆಗಾಪಿಕ್ಸೆಲ್ ಕ್ಯಾಮೆರಾ, ವಿಡಿಯೊ, ಜಿಪಿಎಸ್, 3ಜಿ, ಮೆಮೊರಿ ಕಾರ್ಡು, ಬಿಚ್ಚಿ ಹಾಕೋ ಬ್ಯಾಟರಿ. ಐಫೋನಿನಲ್ಲಿ 2 ಮೆಗಾಪಿಕ್ಸೆಲ್, ವಿಡಿಯೊ ತೆಗೆಯೋಕೆ ಆಗ್ತಿರಲಿಲ್ಲ, 3ಜಿ ಇಲ್ಲ, ಹೊರಗಿನ ಆ್ಯಪ್ ಹಾಕಿಕೊಳ್ಳೋಕೆ ಆಪ್ ಸ್ಟೋರೂ ಇಲ್ಲ. ಪಟ್ಟಿ ಹಾಕಿದರೆ ನೋಕಿಯಾಕ್ಕೇ ಅಂಕ. ಆದರೆ ಬೆರಳಿಂದ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದವರಿಗೆ ಇನ್ನೇನೋ ಗೊತ್ತಾಯಿತು, ಅದಕ್ಕೆ ಪಟ್ಟಿಯಲ್ಲಿ ಜಾಗ ಇರಲಿಲ್ಲ. 2014ರ ಹೊತ್ತಿಗೆ ನೋಕಿಯಾ ತನ್ನ ಫೋನ್ ವ್ಯವಹಾರವನ್ನೇ ಮೈಕ್ರೋಸಾಫ್ಟಿಗೆ ಮಾರಿಬಿಟ್ಟಿತ್ತು.

ಅಕ್ಕ: ಗೆದ್ದ ಆ ಫೋನು ಈಗ ಏನಾಗಿದೆ?

ತಮ್ಮ: ಮೊದಲನೇ ಐಫೋನಿಗೆ 2010ರ ನಂತರ ಹೊಸ ಅಪ್‌ಡೇಟ್ ಬರಲಿಲ್ಲ. ಅಮೆರಿಕದಲ್ಲಿ ಅದಕ್ಕೆ ಸಂಪರ್ಕ ಕೊಡ್ತಿದ್ದ ಎಟಿ ಅಂಡ್ ಟಿ 2017ರ ಆರಂಭದಲ್ಲಿ 2ಜಿ ಜಾಲವನ್ನೇ ಮುಚ್ಚಿತು, ಆಮೇಲೆ ಆ ಜಾಲದಲ್ಲಿ ಕರೆ ಮಾಡೋಕೂ ಆಗೋದಿಲ್ಲ. ಆದರೆ 2023ರ ಜುಲೈನಲ್ಲಿ ಆ ಮಾದರಿಯ 4 ಜಿಬಿಯ ಒಂದು ಫೋನು ಹರಾಜಿನಲ್ಲಿ 1,90,000 ಡಾಲರ್ ದಾಟಿತು. ಕಾರಣ, ಅದರ ಪೆಟ್ಟಿಗೆಯನ್ನು ಯಾರೂ ತೆರೆದಿರಲಿಲ್ಲ.

ಅಕ್ಕ: ನಾನು ಹೇಳಬೇಕು ಅಂದುಕೊಂಡಿದ್ದು ಇದನ್ನೇ. ಹಳೆಯ ಫೋನಿಗೆ ಬೆಲೆ ಬರಬೇಕಾದರೆ ಯಾರೂ ಮುಟ್ಟಿರಬಾರದು. ಹಳೆಯ ನಾಟಕಕ್ಕೆ ಬೆಲೆ ಬಂದದ್ದು ಎಲ್ಲರೂ ಮುಟ್ಟಿದ್ದರಿಂದ. ಲಿಯರ್ ಮೇಲೆ ಎಷ್ಟು ಕೈ ಬಿದ್ದಿವೆ ಕೇಳು. 1681ರಲ್ಲಿ ನೇಹಮ್ ಟೇಟ್ ಅನ್ನೋ ಕವಿ ಅದನ್ನು ತಿದ್ದಿದ. ವಿದೂಷಕನನ್ನು ತೆಗೆದುಹಾಕಿದ, ಕಿರಿಮಗಳು ಕಾರ್ಡೀಲಿಯಾಳನ್ನು ಬದುಕಿಸಿ ಎಡ್ಗರ್ ಅನ್ನೋ ಪಾತ್ರಕ್ಕೆ ಮದುವೆ ಮಾಡಿಕೊಟ್ಟ. ಸುಮಾರು ಒಂದೂವರೆ ಶತಮಾನ ಇಂಗ್ಲೆಂಡಿನ ಜನ ರಂಗದ ಮೇಲೆ ನೋಡಿದ್ದು ಆ ಲಿಯರನ್ನೇ. ಮೂರನೇ ಜಾರ್ಜ್ ದೊರೆಗೆ ಬುದ್ಧಿಭ್ರಮಣೆಯಾದಾಗ, ಹುಚ್ಚು ರಾಜನ ನಾಟಕ ಬೇಡ ಅಂತ 1810ರಿಂದ 1820ರವರೆಗೆ ಲಂಡನ್ನಿನ ರಂಗಮಂದಿರಗಳು ಅದನ್ನು ಆಡಲೇ ಇಲ್ಲ. 1838ರಲ್ಲಿ ಮ್ಯಾಕ್ರೆಡಿ ಅನ್ನೋ ನಟ ವಿದೂಷಕನ ಸಮೇತ ಮೂಲ ನಾಟಕವನ್ನು ರಂಗಕ್ಕೆ ಮರಳಿ ತಂದ. ಶೈಲಾಕನ ಕಥೆಯೂ ಹಾಗೇ. 1814ರಲ್ಲಿ ಎಡ್ಮಂಡ್ ಕೀನ್ ಡ್ರೂರಿ ಲೇನ್‌ನಲ್ಲಿ ಆ ಪಾತ್ರವನ್ನು ನೋವುಂಡ ಮನುಷ್ಯನನ್ನಾಗಿ ನಿಲ್ಲಿಸಿದ. ಇಪ್ಪತ್ತನೇ ಶತಮಾನದಲ್ಲಿ ನಾಜಿಗಳು ಅದೇ ನಾಟಕವನ್ನು ಯಹೂದಿಗಳ ಮೇಲಿನ ದ್ವೇಷಕ್ಕೆ ಬಳಸಿಕೊಂಡರು. ಆ ಗಾಯವನ್ನು ಮರೆತು ಈಗ ಯಾರೂ ಆ ನಾಟಕ ಆಡೋಕಾಗೋದಿಲ್ಲ. ಅದರ ಜತೆ ಜಗಳ ಆಡೋದೂ ಅದನ್ನು ಜೀವಂತ ಇಡೋ ಒಂದು ದಾರಿ.

ತಮ್ಮ: ದುರಂತ ನಾಟಕಗಳಿಗೆ ಈ ಮಾತು ಒಪ್ಪುತ್ತೆ. ನಗೆನಾಟಕ ಬೇಗ ಹಳತಾಗಲ್ವಾ?

ಅಕ್ಕ: ಆ ದಿನದ ಸುದ್ದಿಯನ್ನೇ ನಂಬಿದ ನಗೆ ಹಳತಾಗುತ್ತೆ. ಷೆರಿಡನ್ನನ 'ದಿ ರೈವಲ್ಸ್' ನೋಡು. 1775ರ ಜನವರಿ 17ರಂದು ಕೋವೆಂಟ್ ಗಾರ್ಡನ್‌ನಲ್ಲಿ ಮೊದಲ ಪ್ರಯೋಗ ಬಿದ್ದುಹೋಯಿತು. ಉದ್ದ ಹೆಚ್ಚಾಯಿತು, ಒಂದು ಪಾತ್ರ ಜನರಿಗೆ ಸಿಟ್ಟು ತರಿಸಿತು. ಅವನಿಗೆ ಆಗ ಬರೀ 23 ವರ್ಷ. ನಾಟಕ ಹಿಂತೆಗೆದು, ಕತ್ತರಿಸಿ, ತಿದ್ದಿ, ನಟನನ್ನೂ ಬದಲಿಸಿ 28ಕ್ಕೆ ಮತ್ತೆ ರಂಗಕ್ಕೆ ತಂದ, ಗೆದ್ದ. ಆಸ್ಕರ್ ವೈಲ್ಡ್‌ನ 'ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್' 1895ರ ಫೆಬ್ರವರಿ 14ರಂದು ಮೊದಲು ಆಡಿದ್ದು. ಅದರ ನಾಯಕನಿಗೆ ಹಳ್ಳಿಯಲ್ಲಿ ಒಂದು ಹೆಸರು, ಪಟ್ಟಣದಲ್ಲಿ ಇನ್ನೊಂದು. ಅವನ ಗೆಳೆಯ ಬೇಡದ ಊಟದ ಕರೆ ತಪ್ಪಿಸಿಕೊಳ್ಳೋಕೆ ಇಲ್ಲದ ರೋಗಿಯೊಬ್ಬನನ್ನು ಸೃಷ್ಟಿಸಿಕೊಂಡಿದ್ದಾನೆ. ಒಂದೇ ಫೋನಿನಲ್ಲಿ ಆಫೀಸಿಗೆ ಒಂದು ಮುಖ, ಗೆಳೆಯರಿಗೆ ಇನ್ನೊಂದು ಮುಖ ಇಟ್ಟುಕೊಂಡಿರೋ ನನ್ನ ವಿದ್ಯಾರ್ಥಿಗಳಿಗೆ ಆ ನಾಟಕವನ್ನು ನಾನು ವಿವರಿಸಬೇಕಾಗೇ ಇಲ್ಲ. ಓದಿಸಿದರೆ ಸಾಕು, ನಗ್ತಾರೆ, ಆಮೇಲೆ ಸ್ವಲ್ಪ ಹೊತ್ತು ಯೋಚಿಸ್ತಾರೆ.

ತಮ್ಮ: ಬೇರೆ ಭಾಷೆಯವರ ಕೈಗೆ ಹೋದಾಗ?

ಅಕ್ಕ: ಆಗ ಇನ್ನೂ ಹಿಗ್ಗಿದವು. ಕುವೆಂಪು 'ರಕ್ತಾಕ್ಷಿ'ಯಲ್ಲಿ ಹ್ಯಾಮ್ಲೆಟ್ಟನ್ನು ಬಿದನೂರಿಗೆ ಕರೆತಂದರು. ಮಾಸ್ತಿ ಲಿಯರನ್ನು, ಡಿ.ವಿ.ಜಿ. ಮ್ಯಾಕ್‌ಬೆತ್‌ನನ್ನು ಕನ್ನಡಕ್ಕೆ ತಂದರು. ಬಿ.ವಿ. ಕಾರಂತರು 1979ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ತಂಡಕ್ಕೆ 'ಬರ್ನಮ್ ವನ' ಮಾಡಿಸಿದಾಗ ಮ್ಯಾಕ್‌ಬೆತ್ ಹಿಂದಿಯಲ್ಲಿ ಮಾತಾಡ್ತಾ ಯಕ್ಷಗಾನದ ಹೆಜ್ಜೆ ಹಾಕಿದ. ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಆ ನಾಟಕಗಳಲ್ಲಿ ರಂಗಸೂಚನೆ ಬಲು ಕಡಿಮೆ. ಹೀಗೆ ನಿಲ್ಲು, ಇಂಥ ದನಿಯಲ್ಲಿ ಹೇಳು ಅಂತ ಬರೆದವನು ಕಟ್ಟುಮಾಡಿಲ್ಲ. ಕಾರ್ಡೀಲಿಯಾ ಸೊಲ್ಲೆತ್ತದೆ ಇದ್ದದ್ದು ಹಟದಿಂದಲೋ, ನೋವಿನಿಂದಲೋ, ಅಕ್ಕಂದಿರ ಮೇಲಿನ ಅಸಹ್ಯದಿಂದಲೋ? ಅದನ್ನು ತೀರ್ಮಾನಿಸೋ ಹೊಣೆ ಪ್ರತಿ ನಟಿಯದು. ಹಳೆಯ ಇಂಗ್ಲಿಷ್ ನಾಟಕಗಳು ಇವತ್ತಿಗೂ ನಮ್ಮನ್ನು ಕರೆಯೋದು ಅದಕ್ಕೇ ಅಂತ ನಾನು ನಂಬಿದ್ದೀನಿ. ಮುಂದೆ ಬರೋ ಕೈಗಳಿಗೆ ಅವು ಕೆಲಸ ಉಳಿಸಿ ಹೋಗಿವೆ.

ತಮ್ಮ: ಫೋನಿನಲ್ಲೂ ಸಾವಿರಾರು ಕೈಗಳ ಕೆಲಸ ಇದೆ, ಅಕ್ಕಾ. ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲೇ ಐಫೋನ್ ಜೋಡಿಸ್ತಾರೆ. ಆದರೆ ನೀನು ಹೇಳಿದ ಮೇಲೆ ಒಂದು ವಿಷಯ ಸ್ಪಷ್ಟ ಆಗ್ತಿದೆ. ಕಾರ್ಖಾನೆ ಬಿಟ್ಟ ಮೇಲೆ ಆ ಫೋನು ಬೇರೆ ಕೈಗಳನ್ನು ಒಳಗೆ ಬಿಡೋದಿಲ್ಲ. ಅಂಟು ಹಾಕಿ ಮುಚ್ಚಿರ್ತಾರೆ. ಬಿಡಿಭಾಗ ಸುಲಭವಾಗಿ ಸಿಗೋದಿಲ್ಲ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ದಿನದಿಂದ, ಗಟ್ಟಿಮುಟ್ಟಾಗಿರೋ ಫೋನೂ ದಿನೇ ದಿನೇ ಅಸುರಕ್ಷಿತ ಆಗ್ತಾ ಹೋಗುತ್ತೆ.

ಅಕ್ಕ: ಹೊಸದು ಬೇಕು ಅಂತ ಜನರೇ ಬಯಸ್ತಾರಲ್ಲ?

ತಮ್ಮ: ಆ ಬಯಕೆಯಲ್ಲಿ ಎಷ್ಟೋ ಪಾಲು ಬರೀ ಬ್ಯಾಟರಿ ಸುಸ್ತಾಗಿರೋದು. 2017ರ ಡಿಸೆಂಬರಿನಲ್ಲಿ ಆಪಲ್, ಬ್ಯಾಟರಿ ಹಳತಾದ ಐಫೋನ್‌ಗಳ ವೇಗವನ್ನು ತಗ್ಗಿಸ್ತಿದ್ದೀವಿ ಅಂತ ಒಪ್ಪಿಕೊಂಡಿತು. ಹಾಗೇ ಬಿಟ್ಟರೆ ಅವು ಇದ್ದಕ್ಕಿದ್ದಂತೆ ಆಫ್ ಆಗ್ತವೆ ಅನ್ನೋದು ಅದು ಕೊಟ್ಟ ಕಾರಣ. ಜನ ರೇಗಿದ ಮೇಲೆ ಬ್ಯಾಟರಿ ಬದಲಿಸೋ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. 2019ರ ಜನವರಿಯಲ್ಲಿ ಹೊಸ ಐಫೋನ್ ಮಾರಾಟ ನಿರೀಕ್ಷೆಗಿಂತ ಕಡಿಮೆಯಾಗಿದೆ ಅಂತ ಹೂಡಿಕೆದಾರರಿಗೆ ಬರೆದಾಗ, ಅಗ್ಗದ ಬ್ಯಾಟರಿ ಹಾಕಿಸಿಕೊಂಡವರನ್ನೂ ಒಂದು ಕಾರಣವಾಗಿ ಹೆಸರಿಸಿತು. ಹೊಸ ಬ್ಯಾಟರಿ ಸಿಕ್ಕಿದ ಕೂಡಲೇ ಎಷ್ಟೋ ಜನಕ್ಕೆ ಹಳೆಯ ಫೋನೇ ಸಾಕಾಯಿತು.

ಅಕ್ಕ: ಹಾಗಾದರೆ ನಿನ್ನ ಹೋಲಿಕೆಯಲ್ಲಿ ಅದು ಮೊದಲು ಬರಬೇಕಲ್ವಾ?

ತಮ್ಮ: ಬರಬೇಕು, ಬರೋ ಕಾಲವೂ ಬಂದಿದೆ. ಮೊದಮೊದಲು ಆ್ಯಂಡ್ರಾಯ್ಡ್ ಫೋನಿಗೆ ಎರಡು ವರ್ಷ ಅಪ್‌ಡೇಟ್ ಸಿಕ್ಕಿದರೆ ಹೆಚ್ಚು ಅನ್ನೋ ಸ್ಥಿತಿ. 2023ರ ಅಕ್ಟೋಬರಿನಲ್ಲಿ ಗೂಗಲ್ ಪಿಕ್ಸೆಲ್ 8ಕ್ಕೆ ಏಳು ವರ್ಷ ಕೊಡ್ತೀವಿ ಅಂದಿತು. ಮೂರೇ ತಿಂಗಳಿಗೆ ಸ್ಯಾಮ್ಸಂಗ್ ಗ್ಯಾಲಕ್ಸಿ ಎಸ್24ಕ್ಕೆ ಅದೇ ಮಾತು ಕೊಟ್ಟಿತು. ಪೈಪೋಟಿ ಈ ಸಲ ಒಳ್ಳೆಯ ದಿಕ್ಕಿಗೆ ತಿರುಗಿತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಕಾನೂನೇ ಬಂದಿದೆ. ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕು, ಮುಖ್ಯ ಬಿಡಿಭಾಗ ಏಳು ವರ್ಷ ಸಿಗಬೇಕು, 800 ಸಲ ಪೂರ್ತಿ ಚಾರ್ಜ್ ಮಾಡಿದ ಮೇಲೂ ಬ್ಯಾಟರಿಯಲ್ಲಿ ಶೇಕಡಾ 80 ಶಕ್ತಿ ಉಳಿದಿರಬೇಕು. ಆಮ್‌ಸ್ಟರ್‌ಡ್ಯಾಮಿನ ಫೇರ್‌ಫೋನ್ ಅನ್ನೋ ಸಣ್ಣ ಕಂಪನಿ ಕೊಂಡವರೇ ಸ್ಕ್ರೂ ಬಿಚ್ಚಿ ಭಾಗ ಬದಲಿಸೋ ಹಾಗೆ ಫೋನ್ ಮಾಡ್ತಿದೆ. ಅದರ ಕ್ಯಾಮೆರಾಕ್ಕೆ ಮೊದಲ ಸ್ಥಾನ ಸಿಗಲಿಕ್ಕಿಲ್ಲ. ಆದರೆ ಫೋನನ್ನು ಕೊಂಡವನ ಕೈಗೆ ನಿಜವಾಗಿ ಬಿಟ್ಟುಕೊಟ್ಟಿದೆ.

ಅಕ್ಕ: ಹೆಮಿಂಗ್ಸ್, ಕಾಂಡೆಲ್ ಮಾಡಿದ್ದೂ ಅದನ್ನೇ. ತಂಡದ ಪೆಟ್ಟಿಗೆಯಲ್ಲಿ ಬೀಗ ಹಾಕಿದ್ದ ಹಸ್ತಪ್ರತಿಯನ್ನು ಓದುಗರ ಕೈಗೆ ಕೊಟ್ಟರು. ಎದುರಾಳಿಗಳೂ ಆಡಬಹುದು, ತಿದ್ದಬಹುದು, ಕೆಡಿಸಲೂಬಹುದು ಅನ್ನೋದು ಗೊತ್ತಿದ್ದೇ ಕೊಟ್ಟರು.

ತಮ್ಮ: ಆದರೂ ಒಂದು ಮಿತಿ ಇದೆ. ಎಷ್ಟೇ ರಿಪೇರಿ ಮಾಡಿದರೂ ಫೋನು ಲಿಯರ್ ಆಗೋದಿಲ್ಲ. ಜಾಲ ಬದಲಾಗುತ್ತೆ, ಚಿಪ್ ಹಳತಾಗುತ್ತೆ.

ಅಕ್ಕ: ಆಗಬೇಕಾಗೂ ಇಲ್ಲ. ಫೋನು ಬಳಸೋ ವಸ್ತು, 400 ವರ್ಷ ಬಾಳು ಅಂತ ಅದನ್ನು ಕೇಳೋದು ನ್ಯಾಯ ಅಲ್ಲ. ಆದರೆ ಹತ್ತು ವರ್ಷ ದುಡಿಯೋ ಶಕ್ತಿ ಇರೋದನ್ನು ಮೂರು ವರ್ಷಕ್ಕೆ ಮೂಲೆಗೆ ಎಸೆಯೋ ಹಾಗೆ ಮಾಡೋದು ಅನ್ಯಾಯ. ಅದನ್ನು ಮಾಡಿದ ಕೈಗಳಿಗೂ ಅನ್ಯಾಯ, ಸಂಬಳ ಸುರಿದವನಿಗೂ ಅನ್ಯಾಯ. ಎಷ್ಟು ವರ್ಷ ಜತೆಗಿರ್ತೀರಿ, ಕೆಟ್ಟರೆ ಯಾರು ತೆಗೆದು ನೋಡಬಹುದು ಅಂತ ಅಂಗಡಿಯಲ್ಲಿ ನಿಂತು ಕೇಳೋದನ್ನು ಜನ ಕಲೀಬೇಕು. ಹಾಗೆ ಕೇಳೋದನ್ನು ಕಲಿಸೋ ಹೊಣೆ ನಿನ್ನ ಬರಹದ್ದು. ನಾಟಕವನ್ನು ಪೂಜಿಸದೆ ಎತ್ತಿ ಆಡೋದನ್ನು ಕಲಿಸೋ ಹೊಣೆ ನನ್ನದು.